ಕೊಟ್ಟೆಯಲ್ಲಿ ಬಂದ ತಳಿ: ಒಂದು ನರ್ಸರಿ, 12 ಅಪ್ಪೆಮಿಡಿ ಗಿಡ, ಆರು ವರ್ಷದ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, 5ಕ್ಕೆ ಮೂರೂವರೆ ಸ್ಟಾರ್. ಒಂದು ಕಾಲದಲ್ಲಿ ಅರ್ಧವೂ ಕೊಡುವ ಮನಸ್ಸಿರಲಿಲ್ಲ. ಆಮೇಲೆ ನಾಲ್ಕು ಕೊಡೋಣ ಅನ್ನಿಸಿತು. ಕೊನೆಗೆ ಇಲ್ಲಿಗೆ ಬಂದು ನಿಂತಿದೆ. ನರ್ಸರಿಯ ಹೆಸರು ಹಾಕುತ್ತಿಲ್ಲ. ಜಗಳವೂ ಆಗಿದೆ, ರಾಜಿಯೂ ಆಗಿದೆ, ಈಗ ಹೆಸರು ಹಿಡಿದು ಬರೆದರೆ ಚೆನ್ನಾಗಿರಲ್ಲ. ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಗಿಡ ಮಾರುವವರಿಗೇನು ಬರಗಾಲವೇ, ಜೂನ್ ಬಂತೆಂದರೆ ರಸ್ತೆ ಬದಿಯಲ್ಲಿ ಹಸಿರು ನೆರಳು ಬಲೆ ಕಾಣದ ಊರೇ ಇಲ್ಲ. ನೀವು ಯಾವುದಕ್ಕೆ ಹೋದರೂ ಇಲ್ಲಿ ಬರೆದದ್ದು ಉಪಯೋಗಕ್ಕೆ ಬರುತ್ತದೆ.

ನಮ್ಮದು ಹೊಸನಗರ ತಾಲ್ಲೂಕು. ಎರಡೂವರೆ ಎಕರೆ ಅಡಿಕೆ ತೋಟ, ಮನೆ ಹಿಂದೆ ಒಂದಿಷ್ಟು ಬ್ಯಾಣ, ಅಂದರೆ ಹುಲ್ಲುಗಾವಲು, ಕೆಳಗೆ ಹಳ್ಳ. 2019ರ ಜೂನ್‌ನಲ್ಲಿ ಪಿಕಪ್ ಬಾಡಿಗೆಗೆ ಹಿಡಿದು ಹೋಗಿ ತಂದದ್ದು ಇಷ್ಟು: 12 ಅಪ್ಪೆಮಿಡಿ (ಉಪ್ಪಿನಕಾಯಿಗೆ ಹಾಕುವ ಎಳೆ ಮಾವು) ಕಸಿ ಗಿಡ, 200 ಅಡಿಕೆ ಸಸಿ, 50 ಪಣಿಯೂರು-1 ಮೆಣಸಿನ ಬಳ್ಳಿ, 2 ಬುಷ್ ಪೆಪ್ಪರ್, 4 ತೆಂಗು, ಮನೆಯವಳಿಗೆ ಒಂದು ಗುಲಾಬಿ ಬಣ್ಣದ ಹೈಡ್ರೇಂಜಿಯಾ. ಕೊನೆಯದು ಪಟ್ಟಿಯಲ್ಲಿ ಇರಲಿಲ್ಲ. ಗೇಟಿನ ಹತ್ತಿರವೇ ಹೂವಿನ ಕುಂಡ ಇಟ್ಟಿದ್ದಾರೆ, ಅವಳಿಗೆ ಗೇಟ್ ದಾಟುವುದಕ್ಕೇ ಅರ್ಧ ಗಂಟೆ ಬೇಕಾಯಿತು.

ಜಾಗ ಚೊಕ್ಕವಾಗಿದೆ. ಇಳಿಜಾರನ್ನು ಕಡಿದು ನಾಲ್ಕು ಮೆಟ್ಟಿಲು ಮಾಡಿಕೊಂಡಿದ್ದಾರೆ. ಪ್ರತಿ ಸಾಲಿಗೂ ತಗಡಿನ ಬೋರ್ಡ್, ಬೋರ್ಡಿನ ಮೇಲೆ ತಳಿಯ ಹೆಸರು, ಪಕ್ಕದಲ್ಲಿ ಗೊನೆ ಗೊನೆ ಕಾಯಿ ಬಿಟ್ಟ ಮರದ ದೊಡ್ಡ ಫೋಟೊ. ಫೋಟೊದ ವಿಷಯ ಆಮೇಲೆ ಬರುತ್ತದೆ. ಯಜಮಾನರು ಮಾತು ಕಡಿಮೆ. ಕಸಿ ಕಟ್ಟುವ ಹುಡುಗ ಒಬ್ಬನಿದ್ದಾನೆ, ಕೇಳಿದ್ದಕ್ಕಿಂತ ಜಾಸ್ತಿ ಹೇಳುತ್ತಾನೆ, ಹೋದರೆ ಅವನನ್ನೇ ಹಿಡಿಯಿರಿ.

ಈಗ ಅಪ್ಪೆಮಿಡಿ. ನಾನು ಅಷ್ಟು ದೂರ ಹೋಗಿದ್ದೇ ಅದಕ್ಕೆ.

ಅಪ್ಪೆಮಿಡಿ ಎಂದರೆ ಒಂದು ತಳಿ ಅಂದುಕೊಂಡವರು ಬಹಳ ಜನ ಇದ್ದಾರೆ. ಹಾಗಲ್ಲ. ಶರಾವತಿ, ವರದಾ, ಅಘನಾಶಿನಿ ದಂಡೆಗಳಲ್ಲಿ ಗೊರಟೆಯಿಂದ ತಾವಾಗಿ ಹುಟ್ಟಿ ಬೆಳೆದ ಮರಗಳು ಅವು. ಮಾವಿನ ಹೂವಿಗೆ ಪರಾಗ ಎಲ್ಲಿಂದಲೋ ಬರುತ್ತದೆ, ನೊಣ ತರುತ್ತದೆ, ಹಾಗಾಗಿ ಗೊರಟೆಯಿಂದ ಹುಟ್ಟಿದ ಮರಕ್ಕೆ ತಾಯಿ ಗೊತ್ತು, ಅಪ್ಪ ಗೊತ್ತಿಲ್ಲ. ಒಂದೊಂದು ಮರವೂ ಒಂದೊಂದು ತಳಿ. ಅದಕ್ಕೇ ಹೆಸರುಗಳನ್ನು ನೋಡಿ, ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ, ಜೀರಿಗೆ, ಕರ್ಣಕುಂಡಲ. ಒಂದಕ್ಕೆ ಮನುಷ್ಯನ ಹೆಸರು, ಒಂದಕ್ಕೆ ವಾಸನೆ, ಒಂದಕ್ಕೆ ಆಕಾರ. ಯಾರದೋ ಹಿತ್ತಲಿನ, ಯಾವುದೋ ಹೊಳೆ ದಂಡೆಯ ಒಂದೇ ಒಂದು ಮರಕ್ಕೆ ಬಿದ್ದ ಹೆಸರು ಈಗ ಇಡೀ ಸೀಮೆಯಲ್ಲಿ ಓಡಾಡುತ್ತಿದೆ. ಅಪ್ಪೆಮಿಡಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಇದೆ.

ಇಂಥ ಮರದ ಗೊರಟೆ ನೆಟ್ಟರೆ ಅದೇ ಮಿಡಿ ಬರುತ್ತದೆ ಅನ್ನುವ ಹಾಗಿಲ್ಲ. ಸೊನೆ ಕಡಿಮೆ ಆಗಬಹುದು, ಉಪ್ಪಿನಲ್ಲಿ ಮೆತ್ತಗಾಗಬಹುದು, ವಾಸನೆಯೇ ಇಲ್ಲದಿರಬಹುದು. ಅದೇ ಮಿಡಿ ಬೇಕೆಂದರೆ ಅದೇ ಮರದ ಕಡ್ಡಿ ಬೇಕು. ಕಸಿ ಕಟ್ಟುವುದು ಅದಕ್ಕೇ. ಕೆಳಗೆ ಯಾವುದೋ ಕಾಟು (ಕಾಡು) ಮಾವಿನ ಗೊರಟೆ ಸಸಿ, ಮೇಲೆ ಅನಂತಭಟ್ಟನ ಮರದ ಕಡ್ಡಿ. ಬೇರು ಒಬ್ಬರದು, ತಲೆ ಇನ್ನೊಬ್ಬರದು. ಎರಡೂ ಜೊತೆಯಾಗಿ ಬದುಕುತ್ತವೆ, ಆದರೆ ಬೆರೆತು ಒಂದಾಗುವುದಿಲ್ಲ. ಗಂಟಿನಿಂದ ಕೆಳಗೆ ಕಾಟು ಕಾಟಾಗಿಯೇ ಇರುತ್ತದೆ, ಮೇಲೆ ಅಪ್ಪೆ ಅಪ್ಪೆಯಾಗಿಯೇ. ಕೆಳಗಿನದು ಒಂದು ಚಿಗುರು ಬಿಟ್ಟರೂ ಅದು ಕಾಟಿನ ಚಿಗುರೇ.

ಇಷ್ಟು ಗೊತ್ತಿದ್ದೂ ನಾನು ಮೋಸ ಹೋದೆ. ನರ್ಸರಿಯವರಿಂದ ಅರ್ಧ, ನನ್ನ ಕಣ್ಣಿನಿಂದ ಅರ್ಧ.

12ರಲ್ಲಿ ಎರಡು ಗಿಡ ಮೊದಲ ಮಳೆಗಾಲಕ್ಕೇ ದಬದಬ ಎದ್ದವು. ಉಳಿದ ಹತ್ತು ಮೊಣಕಾಲೆತ್ತರ ಬರುವಾಗ ಇವೆರಡು ನನ್ನ ಎದೆಗೆ ಬಂದಿದ್ದವು. ಎಲೆ ಅಗಲ, ಹಸಿರು ಕಪ್ಪಗೆ, ಕಾಂಡ ಗಟ್ಟಿ, ಒಂದು ಹುಳು ಇಲ್ಲ. ಬಂದವರಿಗೆಲ್ಲ ಕರೆದುಕೊಂಡು ಹೋಗಿ ತೋರಿಸಿದ್ದೇ ತೋರಿಸಿದ್ದು. ಗೊಬ್ಬರವನ್ನೂ ಅವುಗಳಿಗೇ ಒಂದು ಬುಟ್ಟಿ ಜಾಸ್ತಿ ಹಾಕಿದೆ, ಚೆನ್ನಾಗಿರುವುದಕ್ಕೇ ಇನ್ನಷ್ಟು ಹಾಕುವುದು ನಮ್ಮ ಸ್ವಭಾವ ಅಲ್ವಾ. ಫೋಟೊ ತೆಗೆದು ಮನೆಯ ವಾಟ್ಸಾಪ್ ಗುಂಪಿಗೂ ಹಾಕಿದ್ದೆ.

2022ರ ಮೇ ತಿಂಗಳು. ಮನೆಯಲ್ಲಿ ಪೂಜೆ ಇತ್ತು, ಸಾಗರದ ಕಡೆಯಿಂದ ನಮ್ಮ ಅತ್ತೆ ಬಂದಿದ್ದರು. ಅಪ್ಪನ ಅಕ್ಕ, 80 ದಾಟಿದೆ, ಮಿಡಿ ಉಪ್ಪಿನಕಾಯಿ ಭರಣಿಗೆ ಹಾಕುವ ವಿಷಯದಲ್ಲಿ ಅವರ ಮಾತೇ ಕೊನೆ. ಊಟ ಆದ ಮೇಲೆ ಗಿಡ ತೋರಿಸಲು ಕರೆದುಕೊಂಡು ಹೋದೆ. ಎಲ್ಲ ಗಿಡದಲ್ಲೂ ಒಂದೊಂದು ಎಲೆ ಕಿತ್ತು, ಬೆರಳಲ್ಲಿ ಹೊಸಕಿ ಮೂಸುತ್ತಾ ಬಂದರು. ನಾಲ್ಕನೆಯದಕ್ಕೆ "ಆಹಾ, ಜೀರಿಗೆ" ಅಂದರು. ನನ್ನ ಹೆಮ್ಮೆಯ ಗಿಡದ ಹತ್ತಿರ ಬಂದು ಎಲೆ ಹೊಸಕಿದರು, ಮೂಸಿದರು, ಇನ್ನೊಂದು ಎಲೆ ಕಿತ್ತರು, ಅದನ್ನೂ ಮೂಸಿದರು. ಆಮೇಲೆ ಎಲೆಯನ್ನು ನನ್ನ ಮೂಗಿನ ಹತ್ತಿರ ಹಿಡಿದು ಕೇಳಿದರು: "ಇದರಲ್ಲಿ ಅಪ್ಪೆ ಎಲ್ಲಿದೆ ಮಾರಾಯ?"

ಸುಮ್ನೆ ಹಸಿ ಸೊಪ್ಪಿನ ವಾಸನೆ.

ಅತ್ತೆ ಕೋಲು ಊರಿಕೊಂಡು ಬಗ್ಗಿ ಬುಡದ ತರಗೆಲೆ ಸರಿಸಿದರು. ಬುಡದಲ್ಲಿ ಒಂದು ಗೇಣಿಗೂ ಕೆಳಗೆ ಹಳೇ ಕಸಿ ಗಂಟು, ಗಂಟಿನ ಮೇಲೆ ಬೆರಳುದ್ದದ ಒಣಗಿದ ಮೋಟು ಕಡ್ಡಿ, ಪ್ಲಾಸ್ಟಿಕ್ ಪಟ್ಟಿಯ ಚೂರು ಇನ್ನೂ ಅಂಟಿಕೊಂಡಿದೆ. ನನ್ನ ಎದೆಯೆತ್ತರದ ಮಹಾರಾಜ ಹುಟ್ಟಿದ್ದು ಆ ಗಂಟಿನ ಕೆಳಗಿನಿಂದ. ಅಪ್ಪೆಯ ಕಡ್ಡಿ ಯಾವಾಗಲೋ ಸತ್ತಿದೆ, ಕಾಟು ಸಸಿ ತನ್ನ ಚಿಗುರು ತಾನು ಬಿಟ್ಟುಕೊಂಡು ಮೇಲೆದ್ದಿದೆ. ಬೇರೂ ತನ್ನದೇ, ತಲೆಯೂ ತನ್ನದೇ, ಯಾರನ್ನೂ ಹೊತ್ತುಕೊಳ್ಳುವ ಗೋಜಿಲ್ಲ, ಬೆಳೆಯದೆ ಏನು ಮಾಡುತ್ತದೆ. ಇನ್ನೊಂದನ್ನು ನೋಡಿದರೆ ಅದೂ ಹಾಗೇ.

ಆ ರಾತ್ರಿ ನನ್ನ ಮುಖ ನೋಡಿ ಮಗಳು ನಗುತ್ತಿದ್ದಳು. ಆಗ ಅವಳದು ಸೆಕೆಂಡ್ ಪಿಯುಸಿ, ಸೈನ್ಸ್. "ಅಪ್ಪಯ್ಯ, ನೀನು ನೋಡಿದ್ದು ಫೀನೋಟೈಪ್, ದುಡ್ಡು ಕೊಟ್ಟಿದ್ದು ಜೀನೋಟೈಪಿಗೆ" ಅಂದಳು. ಏನದು ಅಂದರೆ ಪುಸ್ತಕ ತಂದು ಕೂತಳು.

ನನಗೆ ಅರ್ಥವಾದಷ್ಟು ಹೇಳುತ್ತೇನೆ. ಜೀನೋಟೈಪ್ ಎಂದರೆ ಗಿಡದ ಒಂದೊಂದು ಕಣದ ಒಳಗೂ ಇರುವ ತಳಿಯ ಬರಹ, ಅಪ್ಪ ಅಮ್ಮನಿಂದ ಬಂದದ್ದು, ಅಥವಾ ಕಸಿಯಾದರೆ ತಾಯಿ ಮರದಿಂದ ಇದ್ದ ಹಾಗೇ ಬಂದದ್ದು. ಫೀನೋಟೈಪ್ ಎಂದರೆ ಕಣ್ಣು, ಮೂಗು, ನಾಲಿಗೆ, ತಕ್ಕಡಿಗೆ ಸಿಗುವುದೆಲ್ಲ: ಎತ್ತರ, ಬಣ್ಣ, ವಾಸನೆ, ಕಾಯಿಯ ತೂಕ. ಒಳಗಿನ ಬರಹ ಒಂದು ಕಡೆಯಿಂದ, ಮಣ್ಣು, ಬಿಸಿಲು, ನೀರು, ಗೊಬ್ಬರ ಇನ್ನೊಂದು ಕಡೆಯಿಂದ ಕೈ ಹಾಕಿ ಮಾಡಿದ ಅಡುಗೆ ಅದು. ಒಂದೇ ಬರಹ ಎರಡು ಕಡೆ ಎರಡು ರೂಪ ತಾಳಬಹುದು. ಬೇರೆ ಬೇರೆ ಬರಹ ಇದ್ದರೂ ನೋಡುವುದಕ್ಕೆ ಒಂದೇ ಥರ ಕಾಣಬಹುದು. ಈ ಎರಡಕ್ಕೂ ಬೇರೆ ಬೇರೆ ಹೆಸರು ಇಟ್ಟವನು ಡೆನ್ಮಾರ್ಕಿನ ವಿಲ್ಹೆಲ್ಮ್ ಯೊಹಾನ್ಸನ್, 1909ರಲ್ಲಿ. ಜೀನ್ ಅನ್ನುವ ಪದವನ್ನೂ ಕೊಟ್ಟವನು ಅವನೇ. ಅವನು ಹಿಡಿದುಕೊಂಡು ಕೂತದ್ದು ಹುರುಳಿಕಾಯಿ ಬೀನ್ಸ್. ಬೀನ್ಸ್ ಹೂವು ತನ್ನ ಪರಾಗ ತಾನೇ ತೆಗೆದುಕೊಳ್ಳುತ್ತದೆ, ಹಾಗಾಗಿ ಒಂದು ಗಿಡದ ವಂಶವೆಲ್ಲ ಒಳಗೆ ಒಂದೇ. ಆ ಒಂದೇ ವಂಶದಲ್ಲಿ ದಪ್ಪ ಕಾಳು ಬೇರೆ, ಸಣ್ಣ ಕಾಳು ಬೇರೆ ಮಾಡಿ ಬಿತ್ತಿ ನೋಡಿದ. ಮುಂದಿನ ಬೆಳೆಯಲ್ಲಿ ಎರಡರ ಕಾಳಿನ ಸರಾಸರಿ ತೂಕ ಹೆಚ್ಚುಕಡಿಮೆ ಒಂದೇ ಬಂತು. ಕಾಳು ದಪ್ಪಗಾದದ್ದು ಜಾಗ ಸಿಕ್ಕಿತು, ಬಿಸಿಲು ಸಿಕ್ಕಿತು ಅಂತ. ಒಳಗಿನದು ಬದಲಾಗಿರಲಿಲ್ಲ, ಅದಕ್ಕೇ ಮಕ್ಕಳಿಗೆ ದಾಟಲಿಲ್ಲ.

ನಾನು ಗೊಬ್ಬರ ಹಾಕಿ ಹಾಕಿ ಕಾಟು ಮಾವನ್ನು ಅಪ್ಪೆ ಮಾಡಲು ಹೊರಟಿದ್ದೆ.

ಮರುದಿನವೇ ನರ್ಸರಿಗೆ ಹೋದೆ. ಯಜಮಾನರು ಮೊದಲು ಒಪ್ಪಲಿಲ್ಲ. "ನಾವು ಕೊಟ್ಟಾಗ ಕಸಿ ಜೀವ ಇತ್ತು, ನೆಟ್ಟ ಮೇಲೆ ನೀವು ಕೆಳಗಿನ ಚಿಗುರು ಮುರಿದಿಲ್ಲ, ಅದು ಮೇಲಿನದನ್ನು ತಿಂದಿದೆ" ಅಂದರು. ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಕೆಳಗಿನ ಚಿಗುರು ಬಿಟ್ಟರೆ ನೀರು, ಗೊಬ್ಬರವೆಲ್ಲ ಅದಕ್ಕೇ ಹೋಗಿ ಕಸಿ ಒಣಗುವುದು ನಿಜ. ನಾನು ಮುರಿದಿರಲಿಲ್ಲ, ಅದೂ ನಿಜ. ಆದರೆ ಹಳೇ ಮೊಬೈಲಿನಲ್ಲಿ ನೆಟ್ಟ ದಿನದ ಫೋಟೊ ಇತ್ತು. ದೊಡ್ಡದು ಮಾಡಿ ತೋರಿಸಿದೆ. ಎರಡರಲ್ಲಿ ಒಂದು ಗಿಡದಲ್ಲಿ ಆವತ್ತೇ ಮೇಲಿನ ಕಡ್ಡಿ ಕಪ್ಪಗೆ ಒಣಗಿದೆ, ಇದ್ದ ಎರಡು ಎಲೆಯೂ ಗಂಟಿನ ಕೆಳಗಿನವು. ಅಂದರೆ ನರ್ಸರಿಯ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಇರುವಾಗಲೇ ಅಪ್ಪೆ ಹೋಗಿತ್ತು, ಅವರು ಕಸಿ ಗಿಡದ ರೇಟಿಗೆ ನನಗೆ ಕೊಟ್ಟದ್ದು ಕಾಟು ಸಸಿ. ಅವರು ಕನ್ನಡಕ ಹಾಕಿಕೊಂಡು ನೋಡಿದರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಇದು ನಮ್ಮದೇ ತಪ್ಪು" ಅಂದು ಒಂದು ಜೀರಿಗೆ ಕಸಿ ಗಿಡ ತೆಗೆದು ಕೊಟ್ಟರು. ಇನ್ನೊಂದಕ್ಕೆ "ಅದು ನಿಮ್ಮದು" ಅಂದರು. ನಾನೂ ಒಪ್ಪಿದೆ. ಮೂರು ವರ್ಷದ ಗೊಬ್ಬರ, ನೀರಿನ ಲೆಕ್ಕ ಇಬ್ಬರೂ ಎತ್ತಲಿಲ್ಲ.

ಅರ್ಧ ಸ್ಟಾರ್ ಕಡಿದದ್ದು ಗಿಡ ಕೆಟ್ಟದ್ದಕ್ಕಲ್ಲ, ತುಂಬುವಾಗ ಒಬ್ಬರೂ ಗಂಟು ನೋಡದೆ ಕೊಟ್ಟೆ ಎತ್ತಿ ಗಾಡಿಗೆ ಹಾಕಿದ್ದಕ್ಕೆ. ನೀವು ಹೋದರೆ ಮೊದಲು ಗಂಟು ನೋಡಿ. ಗಂಟಿನ ಮೇಲೆ ಚಿಗುರಿದೆಯಾ, ಎಲೆ ಗಂಟಿನ ಮೇಲಿನದಾ ಕೆಳಗಿನದಾ. ನೆಡುವಾಗ ಗಂಟು ಮಣ್ಣಿನಿಂದ ಮೇಲೇ ಇರಲಿ, ಮಳೆಗೆ ಮಣ್ಣು ಜರಿದು ಬಂದು ಮುಚ್ಚಿದರೆ ಬಿಡಿಸಿ. ಎತ್ತರ ನೋಡಿ ಮರುಳಾಗಬೇಡಿ, ನಾನು ಆದದ್ದು ಸಾಕು.

ಉಳಿದ ಹತ್ತೂ ಸರಿಯಾದ ಕಸಿಯೇ. ಅದರಲ್ಲೂ ಒಂದು ತಮಾಷೆ ಇದೆ. ಅನಂತಭಟ್ಟ ಅಂತ ಚೀಟಿ ಇದ್ದ ಮೂರು ಗಿಡದಲ್ಲಿ ಎರಡನ್ನು ಹಳ್ಳದ ಬದಿಗೆ, ಒಂದನ್ನು ಬ್ಯಾಣದ ಮೇಲೆ ಜಂಬಿಟ್ಟಿಗೆ ನೆಲದಲ್ಲಿ ನೆಟ್ಟಿದ್ದೆ. ಮೂರೂ ಒಂದೇ ಮರದ ಕಡ್ಡಿ. ಹಳ್ಳದ ಬದಿಯವು ಗುಂಡಗೆ ಹರಡಿ ಕೂತಿವೆ, ಬ್ಯಾಣದ್ದು ಅರ್ಧವೂ ಬೆಳೆದಿಲ್ಲ, ಕೊಂಬೆ ಸಣಕಲು. ನೋಡಿದವರು ಬೇರೆ ಜಾತಿ ಅನ್ನುತ್ತಾರೆ. 2024ರಲ್ಲಿ ಮೊದಲ ಮಿಡಿ ಬಂತು, ಬ್ಯಾಣದ ಗಿಡದಲ್ಲಿ ಎಣಿಸಿ 11. ತೊಟ್ಟು ಮುರಿದರೆ ಸೊನೆ ಚಿಮ್ಮಿ ಬಂದದ್ದು, ಅದರ ಘಾಟು, ಎರಡು ಕಡೆಯದೂ ಒಂದೇ. ಅತ್ತೆಗೆ ಎರಡನ್ನೂ ಬೇರೆ ಬೇರೆ ಕೊಟ್ಟು ಯಾವುದು ಎಲ್ಲಿಯದು ಹೇಳಿ ಅಂದೆ. ಮೂಸಿ ನೋಡಿ "ಒಂದೇ ಮರದ್ದು, ಒಂದಕ್ಕೆ ಉಪವಾಸ ಕೆಡವಿದ್ದೀಯ" ಅಂದರು. ಮಗಳ ಪುಸ್ತಕದ ಒಂದು ಪಾಠ ಅತ್ತೆ ಒಂದು ವಾಕ್ಯದಲ್ಲಿ ಮುಗಿಸಿದರು.

ಒಂದು ಮಾತು ಸೇರಿಸಬೇಕು, ಇಲ್ಲವಾದರೆ ಕರಾವಳಿಯವರು ತಗಾದೆ ತೆಗೆಯುತ್ತಾರೆ. ಎಲ್ಲ ಮಾವಿನ ಗೊರಟೆಯೂ ಕೈಕೊಡುವುದಿಲ್ಲ. ಬಪ್ಪಕಾಯಿ, ಒಲೂರು ಥರದ ಮಾವಿನಲ್ಲಿ ಒಂದೇ ಗೊರಟೆಯಿಂದ ಎರಡು ಮೂರು ಮೊಳಕೆ ಬರುತ್ತವೆ, ಅವುಗಳಲ್ಲಿ ಹೆಚ್ಚಿನವು ಪರಾಗದ ಹಂಗಿಲ್ಲದೆ ತಾಯಿಯ ಅಂಗಾಂಶದಿಂದಲೇ ಹುಟ್ಟಿದವು, ತಾಯಿಯ ನಕಲು. ಅಪ್ಪೆಗೆ ಆ ಭಾಗ್ಯ ಇಲ್ಲ.

ಅಡಿಕೆ ಸಸಿಗೆ ಬರೋಣ. ಇಲ್ಲಿ ಕಸಿ ಗಿಸಿ ಇಲ್ಲ, ಎಲ್ಲ ಗೋಟಿನಿಂದಲೇ, ಅಂದರೆ ಬಿತ್ತನೆಯ ಹಣ್ಣಡಿಕೆಯಿಂದ. ಹಿಂಗಾರ ಬಿಚ್ಚಿದಾಗ ಮೊದಲು ಗಂಡು ಹೂವು ಅರಳಿ ಉದುರುತ್ತದೆ, ಆಮೇಲೆ ಹೆಣ್ಣು ಹೂವು ಸರದಿ. ಹಾಗಾಗಿ ಒಂದು ಮರದ ಕಾಯಿಗೆ ಪರಾಗ ಪಕ್ಕದ ಮರದ್ದು, ಆಚೆ ತೋಟದ್ದು. "ನಮ್ಮಲ್ಲಿ ಒಂದು ಮರ ಇದೆ, ವರ್ಷಕ್ಕೆ ನಾಲ್ಕು ಕೊನೆ, ಅದರದ್ದೇ ಗೋಟು ಹಾಕಿದ್ದೇವೆ" ಅಂತ ಹೇಳುವವರ ಮಾತು ಅರ್ಧ ಮಾತ್ರ ನಿಜ, ತಾಯಿಯ ಅರ್ಧ. ಆ ಮರ ಅಷ್ಟು ಕೊಟ್ಟದ್ದು ತಳಿಯಿಂದಲೋ, ಕೊಟ್ಟಿಗೆ ಪಕ್ಕ ಇದೆ ಅಂತಲೋ, ಅದನ್ನೂ ನೋಡಬೇಕು. ನಮ್ಮ ತೋಟದಲ್ಲಿ ಅತಿ ಹೆಚ್ಚು ಕೊಡುವ ಮರ ಬಚ್ಚಲು ನೀರು ಹರಿಯುವ ಕಾಲುವೆ ಮೇಲಿದೆ, ಹೇಳಬೇಕಾ.

ಈ ನರ್ಸರಿ ಇಲ್ಲಿ ಒಳ್ಳೇ ಕೆಲಸ ಮಾಡುತ್ತದೆ. ಗೋಟು ಎಲ್ಲಿಂದ ತಂದದ್ದು, ಎಂಥ ತೋಟ, ಮರಕ್ಕೆ ಎಷ್ಟು ವಯಸ್ಸು ಅಂತ ಕೇಳಿದರೆ ಪುಸ್ತಕ ತೆಗೆದು ತೋರಿಸುತ್ತಾರೆ. ಒಂದೇ ಒಳ್ಳೇ ಮರದಿಂದ ಆರಿಸದೆ, ಸುತ್ತಮುತ್ತಲಿನ ಮರಗಳೂ ಚೆನ್ನಾಗಿರುವ ತೋಟದಿಂದ ತಂದಿದ್ದಾರೆ. ಅಪ್ಪ ಯಾರಾದರೂ ಆಗಲಿ, ಆ ತೋಟದವನೇ ಆಗಿರಲಿ ಅನ್ನುವ ಲೆಕ್ಕ. ಗೋಟನ್ನು ನೀರಿಗೆ ಬಿಟ್ಟು, ತೊಟ್ಟು ಮೇಲಾಗಿ ನೆಟ್ಟಗೆ ನಿಂತು ತೇಲುವುದನ್ನೇ ಇಟ್ಟುಕೊಳ್ಳುತ್ತಾರೆ, ಹಿರಿಯರು ಹೇಳುತ್ತಿದ್ದ ಪದ್ಧತಿ, ಸಂಶೋಧನಾ ಕೇಂದ್ರದವರು ಹೇಳುವುದೂ ಅದನ್ನೇ.

ಆದರೆ ನಾನು ಸಸಿ ಆರಿಸುವಾಗ ಮತ್ತೆ ಎತ್ತರದ ಹಿಂದೆ ಹೋದೆ. ಬಲೆಯ ನಡುವಿನ ಸಾಲಿನಲ್ಲಿ ಸಸಿಗಳು ಉದ್ದುದ್ದ, ಅಂಚಿನ ಸಾಲಿನಲ್ಲಿ ಕುಳ್ಳು. ನಾನು ನಡುವಿನಿಂದ ಎತ್ತಲು ಶುರು ಮಾಡಿದೆ. ಕಸಿ ಹುಡುಗ ಬಂದು ತಡೆದ. "ಅಲ್ಲಿ ಬೆಳಕಿಲ್ಲ ಸಾರ್, ಬೆಳಕು ಹುಡುಕಿ ಎಳೆದುಕೊಂಡು ಹೋಗಿವೆ. ಗಿಡ್ಡ ಇರಲಿ, ಬುಡ ದಪ್ಪ ಇರಲಿ, ಎಲೆ ಐದಾದರೂ ಇರಲಿ." ಅವನು ಹೇಳಿದ್ದು ಸರಿ. ಒಂದೇ ರಾಶಿಯ ಗೋಟು, ಒಂದೇ ದಿನ ಹಾಕಿದ್ದು, ಎತ್ತರದ ವ್ಯತ್ಯಾಸದಲ್ಲಿ ಬಹುಪಾಲು ಬಲೆಯ ನೆರಳು ಬರೆದದ್ದು. ಹಾಗಂತ ಎಲ್ಲವೂ ಬೆಳಕಿನ ಆಟ ಅಲ್ಲ. ಅಡಿಕೆ ಯೊಹಾನ್ಸನ್ನನ ಬೀನ್ಸ್ ಅಲ್ಲ, ಒಂದೊಂದು ಸಸಿಯ ಒಳಗೂ ಬೇರೆ ಬೇರೆಯೇ. ಅದಕ್ಕೇ ಒಂದೇ ಸಾಲಿನಲ್ಲಿ, ಒಂದೇ ಬೆಳಕಿನಲ್ಲಿ ಇರುವ ಸಸಿಗಳನ್ನು ಒಂದಕ್ಕೊಂದು ಹೋಲಿಸಿ ಆರಿಸಿ ಅಂದ. ಈ ಹುಡುಗ ಓದಿದ್ದು ಎಸ್ಸೆಸ್ಸೆಲ್ಸಿ. 200ರಲ್ಲಿ ಸತ್ತದ್ದು 9, ಅದರಲ್ಲೂ ಐದು ಕಾಡುಹಂದಿಯ ಕೈಗೆ. ಅಡಿಕೆಗೆ ಪೂರ್ತಿ ಅಂಕ.

ತೆಂಗಿನ ಮಡಿ ಹತ್ತಿರ ಒಂದು ಕೆಲಸ ನಡೆಯುತ್ತಿತ್ತು, ನನಗೆ ಅದೇ ಎಲ್ಲಕ್ಕಿಂತ ಇಷ್ಟವಾಯಿತು. ಕೇರಳ ಕಡೆಯಿಂದ ತಂದ ಮೊಳಕೆ ಕಾಯಿಗಳು, ಚಂದ್ರಶಂಕರ ಅಂತ ಕರೆಯುವ ಹೈಬ್ರಿಡ್. ತಾಯಿ ಚೌಘಾಟ್ ಕಿತ್ತಳೆ ಗಿಡ್ಡ, ಅಪ್ಪ ಪಶ್ಚಿಮ ಕರಾವಳಿಯ ಎತ್ತರದ ತೆಂಗು. ಇಬ್ಬರು ಹೆಂಗಸರು ಕೂತು ಎಳೆ ಸಸಿಯ ಎಲೆದಿಂಡಿನ ಬಣ್ಣ ನೋಡಿ ಎರಡು ರಾಶಿ ಮಾಡುತ್ತಿದ್ದರು. ಕಂದು ಬಣ್ಣದ್ದು ಈ ಕಡೆ, ಕಿತ್ತಳೆ ಬಣ್ಣದ್ದು ಆ ಕಡೆ. ಯಾಕೆ ಅಂದರೆ, ಗಿಡ್ಡ ತೆಂಗು ಎಷ್ಟು ಕಾವಲು ಕಾದರೂ ಕೆಲವು ಸಲ ತನ್ನ ಪರಾಗ ತಾನೇ ತೆಗೆದುಕೊಂಡುಬಿಡುತ್ತದೆ. ಹಾಗೆ ಹುಟ್ಟಿದ ಸಸಿಯ ದಿಂಡು ತಾಯಿಯ ಹಾಗೆ ಕಿತ್ತಳೆ. ಎತ್ತರದ ಮರದ ಪರಾಗ ಸೇರಿದ್ದರೆ ಕಿತ್ತಳೆ ಬಣ್ಣ ಹಿಂದಕ್ಕೆ ಸರಿದು ಕಂದು ಬರುತ್ತದೆ. ಒಳಗಿನ ಬರಹವನ್ನು ಹೊರಗಿನಿಂದ ಓದಲು ಆಗುವ ಅಪರೂಪದ ಜಾಗ ಇದು. ಎಲ್ಲ ಗುಣಕ್ಕೂ ಹೀಗೆ ಒಂದು ಬಣ್ಣ ಇದ್ದಿದ್ದರೆ ನರ್ಸರಿ ರಿವ್ಯೂ ಬರೆಯುವ ಕೆಲಸವೇ ಇರುತ್ತಿರಲಿಲ್ಲ. ಕಿತ್ತಳೆ ರಾಶಿಯನ್ನು ಹೈಬ್ರಿಡ್ ಅಂತ ದಾಟಿಸದೆ, ಎಳನೀರಿನ ಗಿಡ್ಡ ತೆಂಗು ಅಂತ ಬೇರೆ ಬೋರ್ಡ್ ಹಾಕಿ ಕಡಿಮೆ ರೇಟಿಗೆ ಕೊಡುತ್ತಿದ್ದರು. ಈ ಪ್ರಾಮಾಣಿಕತೆ ಕಸಿ ಮಾವಿನಲ್ಲೂ ಇದ್ದಿದ್ದರೆ!

ಬಣ್ಣ ಹಿಂದಕ್ಕೆ ಸರಿಯುವುದು ಎಂದೆನಲ್ಲ, ಹೋಗಿಬಿಟ್ಟಿದೆ ಎಂದಲ್ಲ. ಮಗಳ ಪುಸ್ತಕದಲ್ಲಿ ಮೆಂಡೆಲನ ಬಟಾಣಿ ಇದೆ. ಗುಂಡು ಕಾಳು, ಸುಕ್ಕು ಕಾಳು ಸೇರಿಸಿದರೆ ಮೊದಲ ತಲೆಮಾರು ಎಲ್ಲ ಗುಂಡು. ಅವುಗಳದ್ದೇ ಮಕ್ಕಳಲ್ಲಿ 5,474 ಗುಂಡು, 1,850 ಸುಕ್ಕು. ಸುಕ್ಕು ಎಲ್ಲಿಗೂ ಹೋಗಿರಲಿಲ್ಲ, ಗುಂಡಿನ ಹೊಟ್ಟೆಯಲ್ಲೇ ಅಡಗಿತ್ತು. ಅದಕ್ಕೇ ಹೈಬ್ರಿಡ್ ತೆಂಗು ಚೆನ್ನಾಗಿ ಬಂತು ಅಂತ ಅದರ ಕಾಯಿಯನ್ನೇ ಮೊಳಕೆಗೆ ಇಡಬೇಡಿ, ಒಳಗೆ ಅಡಗಿದ್ದೆಲ್ಲ ಹೊರಗೆ ಬಂದು ಒಂದೊಂದು ಸಸಿ ಒಂದೊಂದು ಥರ ಆಗುತ್ತದೆ. ನಮ್ಮೂರಲ್ಲಿ ಒಬ್ಬರು ಇಟ್ಟು ನೋಡಿ ಈಗ ಮಾತಾಡುವುದಿಲ್ಲ.

ಮೆಣಸು. ಪಣಿಯೂರು-1 ಬೋರ್ಡಿನ ಫೋಟೊದಲ್ಲಿ ಬಳ್ಳಿ ಕಾಣುವುದೇ ಇಲ್ಲ, ಬರೀ ಉದ್ದ ಉದ್ದ ಕರೆ (ಮೆಣಸಿನ ಕಾಳು ಕಟ್ಟುವ ತೆನೆ). ಕೇರಳದ ಪಣಿಯೂರು ಸಂಶೋಧನಾ ಕೇಂದ್ರ 1971ರಲ್ಲಿ ಬಿಟ್ಟ ತಳಿ, ಮೆಣಸಿನಲ್ಲಿ ಮೊದಲ ಹೈಬ್ರಿಡ್. ಬಳ್ಳಿಯ ತುಂಡಿನಿಂದ ಮಾಡುವುದರಿಂದ ತಳಿ ಕೆಡುವ ಭಯ ಇಲ್ಲ, 50 ಬಳ್ಳಿಯೂ ಒಳಗೆ ಒಂದೇ. ನಾನು 30ನ್ನು ಒಳತೋಟದ ಕಗ್ಗತ್ತಲಿಗೆ ಹಾಕಿದೆ, 20ನ್ನು ಬೇಲಿ ಬದಿಯ ಸಿಲ್ವರ್ ಓಕ್‌ಗೆ. ಬೇಲಿ ಬದಿಯದ್ದು ಫೋಟೊಗೆ ಹತ್ತಿರ ಬಂದಿದೆ. ಒಳತೋಟದ್ದು ಬರೀ ಎಲೆ, ಕರೆ ಹುಡುಕಬೇಕು, ಸಿಕ್ಕಿದ ಕರೆಯಲ್ಲೂ ಕಾಳು ಬಿಟ್ಟು ಬಿಟ್ಟು. ಈ ತಳಿಗೆ ದಟ್ಟ ನೆರಳು ಆಗುವುದಿಲ್ಲ. ನೆರಳು ಜಾಸ್ತಿಯಾದರೆ ಕರೆಯಲ್ಲಿ ಗಂಡು ಹೆಣ್ಣು ಎರಡೂ ಇರುವ ಹೂವು ಕಡಿಮೆಯಾಗಿ, ಬರೀ ಹೆಣ್ಣು ಹೂವು ಹೆಚ್ಚುತ್ತದೆ, ಕಾಳು ಕಟ್ಟುವುದು ಎಲ್ಲಿಂದ. ಫೋಟೊ ಸುಳ್ಳಲ್ಲ, ಬಿಸಿಲಿರುವ ಇನ್ಯಾರದೋ ತೋಟದಲ್ಲಿ ತೆಗೆದದ್ದು ಅಷ್ಟೇ. ಆದರೆ ಬೋರ್ಡಿನ ಕೆಳಗೆ "ದಟ್ಟ ನೆರಳಿಗೆ ಬೇಡ" ಅಂತ ಮೂರು ಪದ ಬರೆದಿದ್ದರೆ ನನ್ನ 30 ಬಳ್ಳಿ ಉಳಿಯುತ್ತಿತ್ತು. ಅಲ್ಲಿಗೆ ಇನ್ನೊಂದು ಅರ್ಧ ಸ್ಟಾರ್ ಹೋಯಿತು. ಒಳತೋಟಕ್ಕೆ ನಮ್ಮ ಹಳೇ ಮಲ್ಲಿಗೆಸರವೇ ಸಾಕಿತ್ತು.

ಬುಷ್ ಪೆಪ್ಪರ್ ಬಗ್ಗೆ ಮಾತ್ರ ನಾನು ಯಾರ ಹತ್ತಿರ ಬೇಕಾದರೂ ಜಗಳಕ್ಕೆ ನಿಲ್ಲುತ್ತೇನೆ. ಅದನ್ನು ಬೇರೆ ತಳಿ, ಗಿಡ್ಡ ತಳಿ ಅಂತ ಮಾರುವವರಿದ್ದಾರೆ. ಇಲ್ಲಿ ಹಾಗೆ ಹೇಳಲಿಲ್ಲ. ಹುಡುಗ ನಮ್ಮ ಕಣ್ಣೆದುರೇ ಒಂದು ಬಳ್ಳಿಯಿಂದ ಎರಡು ತುಂಡು ಕತ್ತರಿಸಿದ. ಒಂದು ನೆಲದಲ್ಲಿ ಹರಿಯುವ ಹಂಬಿನದು. ಇನ್ನೊಂದು ಮೇಲೆ ಕರೆ ಬಿಡುವ ಅಡ್ಡ ಕವಲು. ಹಂಬಿನ ತುಂಡು ನೆಟ್ಟರೆ ಮರ ಹತ್ತುತ್ತದೆ. ಅಡ್ಡ ಕವಲಿನದು ನೆಟ್ಟರೆ ಹತ್ತುವುದೇ ಇಲ್ಲ, ಕುಂಡದಲ್ಲಿ ಪೊದೆಯಾಗಿ ಕೂತು ಅಲ್ಲೇ ಕರೆ ಬಿಡುತ್ತದೆ. ಒಂದೇ ಬಳ್ಳಿ, ಒಳಗೆ ಒಂದಕ್ಷರ ವ್ಯತ್ಯಾಸ ಇಲ್ಲ, ಯಾವ ಕೊಂಬೆಯಿಂದ ಬಂದೆ ಅನ್ನುವ ನೆನಪೊಂದನ್ನು ಇಟ್ಟುಕೊಂಡು ಬೇರೆಯೇ ಗಿಡವಾಗಿ ಬದುಕುತ್ತದೆ. ಮಗಳಿಗೆ ತೋರಿಸಿದರೆ ಇದು ಪುಸ್ತಕದಲ್ಲಿ ಇಲ್ಲ ಅಂದಳು. ನಮ್ಮ ಎರಡು ಕುಂಡ ಅಡುಗೆ ಮನೆ ಕಿಟಕಿ ಕೆಳಗಿವೆ, ಸಾರಿಗೆ ಹಸಿ ಮೆಣಸು ಅಲ್ಲಿಂದಲೇ.

ಹೈಡ್ರೇಂಜಿಯಾ ಕಥೆ ಚಿಕ್ಕದು. ಗುಲಾಬಿ ಬಣ್ಣ ಅಂತ ತಂದದ್ದು ಮರುವರ್ಷ ನೀಲಿ ಬಿಟ್ಟಿತು. ಮನೆಯವಳು ಮೋಸ ಮೋಸ ಅಂತ ನನ್ನ ಕೈಲಿ ಫೋನ್ ಮಾಡಿಸಿದಳು. ಆ ಕಡೆಯಿಂದ ನಗು. ನಮ್ಮ ಮಲೆನಾಡಿನ ಮಣ್ಣಿನಲ್ಲಿ ಮಳೆ ಸುಣ್ಣದ ಅಂಶವನ್ನೆಲ್ಲ ತೊಳೆದು ಹುಳಿ ಮಣ್ಣು ಮಾಡಿಟ್ಟಿದೆ. ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಗಿಡಕ್ಕೆ ಸಿಗುತ್ತದೆ, ಹೂವು ನೀಲಿಯಾಗುತ್ತದೆ. ಕುಂಡದ ಮಣ್ಣಿಗೆ ಅವರು ಸುಣ್ಣ ಬೆರೆಸಿದ್ದರು, ಅದಕ್ಕೆ ಗುಲಾಬಿ. ಅದೇ ಗಿಡದ ಕಡ್ಡಿ ಮುರಿದು ಹಳೇ ಸುಣ್ಣದ ಗೋಡೆ ಬುಡದಲ್ಲಿ ನೆಟ್ಟಳು, ಅಲ್ಲಿ ಮಾಸಿದ ಗುಲಾಬಿ ಬರುತ್ತಿದೆ. ಈಗ ಬಂದವರಿಗೆ ಎರಡನ್ನೂ ತೋರಿಸಿ "ಎರಡೂ ಒಂದೇ ಗಿಡ ಗೊತ್ತಾ" ಅನ್ನುವುದು ಅವಳ ಸರದಿ.

ಹೋಗುವವರಿಗೆ ನಾಲ್ಕು ಮಾತು. ಭಾನುವಾರ ಮಧ್ಯಾಹ್ನದ ಮೇಲೆ ಹುಡುಗ ಇರುವುದಿಲ್ಲ, ಬೆಳಿಗ್ಗೆಯೇ ಹೋಗಿ. ಮಳೆ ಸರಿಯಾಗಿ ಹಿಡಿದ ಮೇಲೆ ಹೋದರೆ ಒಳ್ಳೇ ಗಿಡವೆಲ್ಲ ಖಾಲಿ. ಫೋನ್‌ಪೇ ಇದೆ, ನೆಟ್‌ವರ್ಕ್ ಇಲ್ಲ, ಕ್ಯಾಶ್ ಇಟ್ಟುಕೊಳ್ಳಿ. ಬೋರ್ಡಿನ ಫೋಟೊ ನೋಡಿ ಆಸೆ ಪಟ್ಟುಕೊಳ್ಳಿ, ತಪ್ಪಿಲ್ಲ, ಆದರೆ ತಾಯಿ ಮರ ಎಲ್ಲಿದೆ, ಎಂಥ ಬಿಸಿಲಲ್ಲಿದೆ ಅಂತ ಕೇಳಿ. ಚೀಟಿ ಇಲ್ಲದ ಕಸಿ ಗಿಡ ಎಷ್ಟೇ ಚಂದ ಇದ್ದರೂ ಬಿಡಿ. ಎಲ್ಲ ಗಿಡದ ಬುಡದ ಫೋಟೊ ಅಲ್ಲೇ ತೆಗೆದುಕೊಳ್ಳಿ, ನನಗೆ ನ್ಯಾಯ ಕೊಡಿಸಿದ್ದು ಅದೊಂದೇ.

ಕಡಿದ ಒಂದೂವರೆಯಲ್ಲಿ ಉಳಿದ ಅರ್ಧ ಸ್ಟಾರ್ ಇನ್ನೂ ಅವರ ಕೈಯಲ್ಲಿದೆ. ಎರಡು ಕಾಟು ಮಾವಿನಲ್ಲಿ ಒಂದನ್ನು ಕಡಿದು ಹಾಕಿದೆ. ಇನ್ನೊಂದನ್ನು, ಎದೆಯೆತ್ತರದ್ದು ಅಷ್ಟರಲ್ಲಿ ಮನೆ ಮಾಡಿಗೆ ಬಂದಿತ್ತು, ಕಡಿಯಲು ಮನಸ್ಸಾಗಲಿಲ್ಲ. ಅಷ್ಟು ಗಟ್ಟಿ ಬೇರು ಎಲ್ಲಿ ಸಿಗುತ್ತದೆ. ಈ ವರ್ಷ ಮಳೆಗೆ ಮುಂಚೆ ಸೊಂಟದೆತ್ತರಕ್ಕೆ ಮೊಟಕು ಮಾಡಿದೆ. ಹೊಸ ಚಿಗುರು ಬಂದ ಮೇಲೆ ಕಸಿ ಹುಡುಗ ಬೈಕಿನಲ್ಲಿ ಬಂದ, ದುಡ್ಡು ಬೇಡ ಅಂದ, ಬ್ಯಾಣದ ಅನಂತಭಟ್ಟನಿಂದಲೇ ಕಡ್ಡಿ ಕತ್ತರಿಸಿ ನಾಲ್ಕು ಕಡೆ ಕಟ್ಟಿ ಹೋದ. ಎರಡು ಹಿಡಿದಿವೆ, ತಾಮ್ರದ ಬಣ್ಣದ ಎಲೆ ಬಿಟ್ಟಿವೆ. ಗಂಟಿನ ಕೆಳಗಿನ ಚಿಗುರನ್ನು ಈಗ ವಾರಕ್ಕೊಮ್ಮೆ ನಾನೇ ಹೋಗಿ ಮುರಿಯುತ್ತಿದ್ದೇನೆ. ಮುರಿಯುವ ಮುಂಚೆ ಎಲೆ ಹೊಸಕಿ ಮೂಸುವುದೂ ಅಭ್ಯಾಸವಾಗಿದೆ.